ಬಾಯಲ್ಲೇ ಹಾಡಬೇಕು

ನಮ್ಮ ಚರ್ಚಿನ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ, ಶವದ ಪೆಟ್ಟಿಗೆ ಮನೆಯಿಂದ ಹೊರಡುವವರೆಗೆ ಹಾಡು ನಿಲ್ಲಬಾರದು ಎನ್ನುವುದು ಹಿಂದಿನಿಂದ ಬಂದ ಪದ್ಧತಿ. ನಾನು ಚಿಕ್ಕವಳಿದ್ದಾಗ ಅದಕ್ಕೆ ಪಾಳಿಯೇ ಇರುತ್ತಿತ್ತು. ಒಂದು ಗುಂಪು ಕಾಫಿಗೆ ಎದ್ದರೆ ಇನ್ನೊಂದು ಗುಂಪು ಚಾಪೆಯ ಮೇಲೆ ಕೂರುತ್ತಿತ್ತು. ಈಗ ಭಾನುವಾರದ ಕನ್ನಡ ಆರಾಧನೆಗೇ ಮುಂದಿನ ಬೆಂಚುಗಳು ತುಂಬುವುದಿಲ್ಲ. ಉಳಿದವರು ಮನೆಯಲ್ಲಿ ದೋಸೆ ತಿನ್ನುತ್ತಾ ಮೊಬೈಲಿನಲ್ಲಿ ಪಾದ್ರಿಯ ಪ್ರಸಂಗ ಕೇಳುತ್ತಾರಂತೆ. ಕೇಳಲಿ, ನನಗೇನು. ಆದರೆ ಸಾವಾದಾಗ ಮಾತ್ರ ಎಲ್ಲರಿಗೂ ನನ್ನ ಫೋನ್ ನಂಬರು ನೆನಪಾಗುತ್ತದೆ. ಮಂಡಿ ನೋವು, ಗಂಟಲಿಗೂ ವಯಸ್ಸಾಗಿದೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿ ಹೋಗಿದೆ.

ಕ್ವಾಯರಿನಲ್ಲಿ ನನ್ನ ಪಕ್ಕದಲ್ಲೇ ನಿಂತು ಹಾಡುತ್ತಿದ್ದ ಗೆಳತಿಯೊಬ್ಬಳಿದ್ದಳು. ಶ್ರುತಿ ತಪ್ಪಿದರೆ ಮೊಣಕೈಯಲ್ಲಿ ತಿವಿಯುವ ಜಾತಿ. ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನನ್ನು ಹತ್ತಿರ ಕರೆದಳು.

“ನಾನ್ ಹೋದ್ಮೇಲೆ ಸ್ಪೀಕರಲ್ಲಿ ಹಾಡ್ ಹಾಕ್ಬುಟ್ಟು ಕೂತ್ಕೋಬೇಡಿ ಕಣೇ. ಬಾಯಲ್ಲೇ ಹಾಡ್ಬೇಕು. ಮಧ್ಯ ನಿಲ್ಲಿಸ್ಬಾರ್ದು.”

ನಾನು ಹೂಂ ಎಂದೆ. ಅವಳು ಅಷ್ಟಕ್ಕೇ ಬಿಡದೆ ಕೈಮೇಲೆ ಕೈ ಇಡಿಸಿಕೊಂಡಳು.

ಅವಳು ತೀರಿಕೊಂಡಿದ್ದು ವಾರದ ನಡುವೆ, ಬೆಳಗಿನ ಹೊತ್ತು. ಕ್ವಾಯರಿನ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಬ್ಬರಿಗೆ ಶಿಫ್ಟು, ಒಬ್ಬರಿಗೆ ಮೊಮ್ಮಗುವಿನ ಸ್ಕೂಲು. ಮಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: “ಸ್ಮಶಾನಕ್ಕೆ ನೇರವಾಗಿ ಬಂದ್ಬುಡ್ತೀವಿ.” ನಮ್ಮ ಪಾದ್ರಿ ಅಯ್ಯನವರಿಗೆ ಎರಡು ಸಭೆಗಳ ಹೊಣೆ, ಬರುವುದು ಮಧ್ಯಾಹ್ನವೇ. ನಾನೊಬ್ಬಳೇ ಆಟೋ ಹಿಡಿದು ಹೂಟಗಳ್ಳಿಯ ಅವಳ ಮನೆಗೆ ಹೋದೆ.

ಅಲ್ಲಿ ಪೆಟ್ಟಿಗೆಯ ತಲೆದೆಸೆಯಲ್ಲಿ ಪುಟ್ಟ ಸ್ಪೀಕರೊಂದು ಹಾಡುತ್ತಿತ್ತು. ನನಗೆ ಮೈ ಉರಿದುಹೋಯಿತು. ಹೋಗಿ ಆರಿಸಿದೆ.

“ನಿಮ್ಮಮ್ಮ ಇದು ಬೇಡ ಅಂದಿದ್ಲು ಕಣಮ್ಮ,” ಎಂದೆ ಮಗಳಿಗೆ. ಅವಳು ಚರ್ಚು ಬಿಟ್ಟು ವರ್ಷಗಳಾಗಿವೆ.

“ಗೊತ್ತು ಆಂಟಿ. ಹಾಡೋರು ಎಲ್ಲಿದಾರೆ?”

ಕೀರ್ತನೆ ಪುಸ್ತಕ ತೆಗೆದು ಶುರುಮಾಡಿದೆ. ಮೂರನೆಯ ಹಾಡಿಗೆ ಬರುವಷ್ಟರಲ್ಲಿ ಗಂಟಲು ಕಟ್ಟಿತು. ನೀರು ಕುಡಿದೆ, ಕೆಮ್ಮಿದೆ, ಮತ್ತೆ ಬಾಯಿ ತೆರೆದರೆ ಬರೀ ಗಾಳಿ. ಮನೆ ತುಂಬಾ ಅಕ್ಕಪಕ್ಕದ ಜನ, ಒಬ್ಬರಿಗೂ ನಮ್ಮ ಹಾಡು ಗೊತ್ತಿಲ್ಲ. ಕೊಟ್ಟ ಮಾತು ಹೋಯಿತಲ್ಲಪ್ಪಾ ಎಂದು ಅಳು ಬಂತು.

ಹಣೆ ತುಂಬ ವಿಭೂತಿ ಇಟ್ಟುಕೊಂಡಿದ್ದ ಪಕ್ಕದ ಮನೆಯಾಕೆ ನನ್ನ ಹತ್ತಿರ ಸರಿದು ಕೂತರು. “ಭಜನೇಲಿ ಮಾಡ್ತೀವಲ್ಲ, ಅಂಗೇ ಒಂದೊಂದ್ ಸಾಲು ಹೇಳ್ಕೊಡಿ ಕಣ್ರೀ. ನಾವ್ ಹಾಡ್ತೀವಿ.”

ನಾನು ಪಿಸುದನಿಯಲ್ಲಿ ಸಾಲು ಹೇಳಿದೆ. ಬೀದಿಯ ಹೆಂಗಸರೆಲ್ಲ ಸೇರಿ ಹಾಡಿದರು. ಧಾಟಿ ಮಾತ್ರ ಅವರದೇ. ಎರಡನೆಯ ಸಾಲನ್ನು ಭಜನೆಯ ಹಾಗೆ ಎಳೆದೆಳೆದು ಹಾಡಿ, ಸೇರಿದ್ದು ಎಲ್ಲಿಗೋ. ಗೆಳತಿ ಬದುಕಿದ್ದರೆ ಎಲ್ಲರಿಗೂ ಮೊಣಕೈ ಏಟು ಗ್ಯಾರಂಟಿ. ಆದರೂ ಹಾಡು ನಿಲ್ಲಲಿಲ್ಲ. ಗೋಡೆಗೆ ಒರಗಿದ್ದ ಮಗಳು ಒಂದೆರಡು ಸಲ ಹಲ್ಲು ಕಚ್ಚಿ ಕೇಳಿದಳು. ಆಮೇಲೆ ತಡೆಯಲಾಗಲಿಲ್ಲ.

“ಹಂಗಲ್ಲಮ್ಮ, ಆ ಸಾಲು ಮೇಲಕ್ಕೆ ಹೋಗ್ಬೇಕು,” ಎಂದು ತಾನೇ ಎತ್ತಿಕೊಂಡಳು.

ಪುಸ್ತಕ ಬೇಕಾಗಲಿಲ್ಲ ಅವಳಿಗೆ. ಚಿಕ್ಕಂದಿನಲ್ಲಿ ಅಮ್ಮ ಬೈದು ಕಲಿಸಿದ್ದು ಒಂದಕ್ಷರ ಮರೆತಿರಲಿಲ್ಲ. ಕಣ್ಣೀರು ಇಳಿಯುತ್ತಿದ್ದರೂ ಶ್ರುತಿ ಬಿಡದೆ ಹಾಡಿದಳು. ಹೆಂಗಸರು ಅವಳ ಹಿಂದೆ ಹೋದರು. ವ್ಯಾನು ಬರುವವರೆಗೂ ಹಾಗೇ ನಡೆಯಿತು.

ಸ್ಮಶಾನದಿಂದ ವಾಪಸಾಗುವಾಗ, ಎಷ್ಟಾದರೂ ಹಳೇ ಚಾಳಿ, ಮಗಳನ್ನು ಕೇಳಿಯೇಬಿಟ್ಟೆ: “ಭಾನುವಾರ ಚರ್ಚಿಗೆ ಬರ್ತೀಯೇನಮ್ಮ?”

“ಇಲ್ಲ ಆಂಟಿ. ಅಮ್ಮನಿಗೋಸ್ಕರ ಹಾಡ್ದೆ. ಬರ್ತೀನಿ ಅಂತ ನಿಮಗೆ ಸುಳ್ಳು ಹೇಳಲ್ಲ.”

ಬೇರೆ ದಿನವಾಗಿದ್ದರೆ ಜಗಳ ಆಡುತ್ತಿದ್ದೆ. ಅವತ್ತು ಶಕ್ತಿ ಇರಲಿಲ್ಲ.

“ಆಗ್ಲಿ ಬಿಡು. ನಾನ್ ಸತ್ತಾಗ ಬಂದು ಹಾಡ್ತೀಯಾ?”

ಅವಳು ನಿಂತು ನನ್ನ ಮುಖ ನೋಡಿದಳು. “ಬರ್ತೀನಿ,” ಎಂದಳು. “ಯಾವ ಹಾಡು ಅಂತ ಈಗ್ಲೇ ಹೇಳ್ಬುಡಿ.”