ಹೊಗೆಯಿಲ್ಲದ ಡಾಂಬರು

ರೊಸೇರ್ ಕೊರ್ಮಿಯೆ ಮೂವತ್ತೊಂದು ವರ್ಷ ಡಾಂಬರಿನ ಹೊಗೆಯೊಳಗೇ ದುಡಿದವನು. ಕೆನಡಾದ ನ್ಯೂ ಬ್ರನ್ಸ್‌ವಿಕ್‌ನ ಕಡಲಂಚಿನ ರಸ್ತೆಗಳಲ್ಲಿ ಅವನ ಕೈ ತಾಗದ ತಿರುವು ಕಡಿಮೆ. ಡಾಂಬರು ಹಾಸುವ ಯಂತ್ರದ ಹಿಂದೆಯೇ ನಡೆಯುತ್ತ, ಉದ್ದ ಹಿಡಿಯ ಹಲಗೆಯಿಂದ ಅಂಚುಗಳನ್ನು ಎಳೆದು ಸಮ ಮಾಡುವುದು ಅವನ ಕೆಲಸ. ಜಲ್ಲಿಗೆ ಡಾಂಬರು ಕಲಸಿದ ಮಾಲು ಹದವಾಗಿದೆಯೇ ಎಂದು ತಿಳಿಯಲು ಅವನಿಗೆ ಯಾವ ಮಾಪಕವೂ ಬೇಕಿರಲಿಲ್ಲ. ಲಾರಿಯಿಂದೇಳುವ ನೀಲಿ ಹೊಗೆ ನೋಡಿದರೆ ಸಾಕಿತ್ತು. ಹೆಂಡತಿ ಜೆಲಿ ಅವನ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ಎಂದೂ ಒಗೆದವಳಲ್ಲ.

ಆ ವರ್ಷ ಅಕ್ಟೋಬರ್ ಕೊನೆಗೆ ಮೀನುಗಾರರ ಬಂದರಿಗೆ ಹೋಗುವ ರಸ್ತೆಯ ಕೆಲಸ ಬಂತು. ಮಾಲು ಕಲಸುವ ಜಾಗ ಒಂದೂವರೆ ಗಂಟೆ ದೂರ. ಗಾಳಿಯೋ ಮೂಳೆ ಕೊರೆಯುವಂಥದು. ರಸ್ತೆಯ ಎಡಭಾಗಕ್ಕೆ ಎಂದಿನ ಬಿಸಿ ಮಾಲು, ಬಲಭಾಗಕ್ಕೆ ಹೊಸದಾಗಿ ಬಂದ, ಕಡಿಮೆ ಕಾಯಿಸಿದ ಬೆಚ್ಚನೆಯ ಮಾಲು ಎಂದು ಮೇಸ್ತ್ರಿ ಒಡೀಲ್ ಬೆಳಗ್ಗೆಯೇ ಹೇಳಿದಳು. ಎರಡನ್ನೂ ಪಕ್ಕಪಕ್ಕದಲ್ಲಿ ಹಾಸಿ ನೋಡಬೇಕಿತ್ತು.

ನೂರರವತ್ತು ಡಿಗ್ರಿಯಲ್ಲಿ ಹೊರಟ ಬಿಸಿ ಮಾಲು ಬರುವಷ್ಟರಲ್ಲಿ ಮೇಲೆ ಚಕ್ಕೆಗಟ್ಟಿತ್ತು. ಗಾಳಿಗೆ ಬಿಗಿದುಕೊಂಡು, ರೋಲರ್ ಎಷ್ಟು ಓಡಾಡಿದರೂ ಅಂಚು ಕೂರಲಿಲ್ಲ. ರೊಸೇರ್‌ನ ತೋಳು ಸೋತುಹೋಯಿತು.

ಮಧ್ಯಾಹ್ನ ಬೆಚ್ಚನೆಯ ಮಾಲಿನ ಲಾರಿ ಬಂತು. ತೊಟ್ಟಿ ಮೇಲೆದ್ದಿತು, ಮಾಲು ಜಾರಿತು. ಹೊಗೆ ಏಳಲಿಲ್ಲ.

"ಇದು ಸತ್ತ ಮಾಲು ಕಣೇ ಒಡೀಲ್, ವಾಪಸ್ ಕಳ್ಸು," ಎಂದ ರೊಸೇರ್.

"ಹೊಗೆ ಕುಡ್ದೂ ಕುಡ್ದೂ ನಿಂಗೆ ಅದೇ ಊಟ ಆಗ್ಬಿಟ್ಟಿದೆ ಮಾರಾಯ. ಮೊದ್ಲು ಹಲಗೆ ಇಟ್ಟು ನೋಡು."

"ಬಿಸಿ ಎಷ್ಟಿದೆ?"

"ನೂರಿಪ್ಪತ್ತು."

"ನೂರಿಪ್ಪತ್ತಕ್ಕೆ ಕಲ್ಲಿಗೆ ಡಾಂಬರು ಅಂಟುತ್ತಾ? ಇದನ್ನ ಯಾರಿಗ್ ಹೇಳ್ತೀಯ?"

ಅಂದವನೇ ಹಲಗೆಯನ್ನು ಒತ್ತಿ ಎಳೆದ. ಬಲ ಹಾಕಿದ್ದು ಹೆಚ್ಚಾಗಿ ಮುಗ್ಗರಿಸುವಂತಾಯಿತು. ಮಾಲು ಅಷ್ಟು ಸಲೀಸಾಗಿ ಸರಿದಿತ್ತು. ಅವನು ಮಂಡಿಯೂರಿ, ದಪ್ಪ ಕೈಗವಸು ತೊಟ್ಟ ಕೈಯಲ್ಲಿ ಒಂದು ಹಿಡಿ ತೆಗೆದು ಬಿಡಿಸಿ ನೋಡಿದ. ಒಂದು ಕಲ್ಲಾದರೂ ಬರಿಮೈಯಲ್ಲಿರಲಿಲ್ಲ.

"ಏನ್ ಹಾಕಿದಾರೆ ಇದಕ್ಕೆ?"

"ನೀರು. ಕಾದ ಡಾಂಬರಿಗೆ ಒಂಚೂರು ನೀರು ಚಿಮ್ಮುಸ್ತಾರೆ. ನೊರೆ ಉಕ್ಕಿ ಕಲ್ಲಿಗೆಲ್ಲ ತೆಳ್ಳಗೆ ಮೆತ್ಕೊಳ್ಳುತ್ತೆ. ಅಷ್ಟೇ."

ನೀರು. ಜೀವಮಾನವೆಲ್ಲ ಅವನು ಮಾಲಿನಿಂದ ದೂರವಿಟ್ಟದ್ದು ಅದನ್ನೇ. ಅವನು ಎದ್ದು ನಿಂತವನು ಅಲ್ಲೇ ಉಳಿದ. ಉಪ್ಪು ಉಪ್ಪಾದ, ಹಸಿ ಪಾಚಿಯಂಥ ವಾಸನೆಯೊಂದು ಮೂಗಿಗೆ ಬಂದಿತ್ತು.

"ಏನದು ವಾಸನೆ?"

ಒಡೀಲ್ ಅವನ ಮುಖ ನೋಡಿ ನಗೆಯನ್ನು ನುಂಗಿಕೊಂಡಳು. "ಕಡಲು ಕಣೋ. ಅಲ್ಲೇ ಇದೆಯಲ್ಲ."

ಅಷ್ಟು ವರ್ಷ ಇದೇ ತೀರದಲ್ಲಿ ರಸ್ತೆ ಹಾಸಿದ್ದ; ಕೆಲಸದ ಹೊತ್ತಿನಲ್ಲಿ ಒಮ್ಮೆಯೂ ಕಡಲು ಅವನ ಮೂಗಿಗೆ ಸಿಕ್ಕಿರಲಿಲ್ಲ. ಸಂಜೆಯವರೆಗೆ ಅವನು ಚರ್ಚಿನೊಳಗೆ ನಡೆಯುವವನಂತೆ ಮೆಲ್ಲಗೆ ಹೆಜ್ಜೆಯಿಟ್ಟು ಕೆಲಸ ಮಾಡಿದ.

ಮರುದಿನ ರಸ್ತೆ ಕೊರೆದು ತುಂಡು ತೆಗೆದು ಪರೀಕ್ಷಿಸಿದರು. ಬಲಭಾಗ ಗಟ್ಟಿಯಾಗಿ ಕೂತಿತ್ತು. ಎಡದ ಅಂಚಿನ ಎರಡು ತುಂಡು ತೇರ್ಗಡೆಯಾಗಲಿಲ್ಲ. ರೊಸೇರ್‌ಗೆ ಅದರಿಂದಲೂ ಪೂರ್ತಿ ಸಮಾಧಾನವಿಲ್ಲ. "ಚಳಿಗಾಲ ಕಳೀಲಿ, ಆಮೇಲ್ ಮಾತಾಡೋಣ," ಎಂದ.

ಮೇ ತಿಂಗಳಲ್ಲಿ ಹಿಮ ಕರಗಿದ ಮೇಲೆ ಜೆಲಿಯನ್ನು ಕರೆದುಕೊಂಡು ಅಲ್ಲಿಗೆ ಹೋದ. ಎಡದಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಬಲಗಡೆ ಬಗ್ಗಿ ಬಗ್ಗಿ ಹುಡುಕಿದ, ಏನೂ ಸಿಗಲಿಲ್ಲ. ಅಷ್ಟರಲ್ಲಿ ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಹೊರಲಾರದಷ್ಟು ಹೇರಿಕೊಂಡ ಲಾರಿಗಳು ಸಾಲಾಗಿ ಬಂದರಿನತ್ತ ಇಳಿದವು. ರೊಸೇರ್ ಟೋಪಿ ತೆಗೆದು, ಕೊನೆಯ ಲಾರಿ ದಾಟುವವರೆಗೂ ರಸ್ತೆಯನ್ನೇ ನೋಡುತ್ತ ನಿಂತ.