ಡೆಲ್ಬರ್ಟ್ ಭಾವನ ಕೂರಿಗೆ

ನನ್ನ ಭಾವ ಡೆಲ್ಬರ್ಟ್ ಸ್ಟಿಡಮ್ ಜೀವನದಲ್ಲಿ ಯಾವ ತೀರ್ಮಾನವನ್ನೂ ಬೇಗ ಮಾಡಿದವನಲ್ಲ. ನಮ್ಮಕ್ಕ ಐಮೋಜೀನಳನ್ನು ಮದುವೆಗೆ ಕೇಳಲು ಆರು ವರ್ಷ ತೆಗೆದುಕೊಂಡ. ಆ ಆರು ವರ್ಷವೂ ಪ್ರತಿ ಭಾನುವಾರ ನಮ್ಮ ಜಗಲಿಯಲ್ಲಿ ಕೂತು ಅಪ್ಪನ ತಂಬಾಕು ಸುಟ್ಟ. ಕೊನೆಗೆ ಅಪ್ಪನೇ, "ತಂಬಾಕಂತೂ ಮುಗೀತು, ಇನ್ನು ಹುಡುಗೀನಾದ್ರೂ ಕರ್ಕೊಂಡು ಹೋಗಪ್ಪಾ" ಎಂದ ಮೇಲೆ ಮದುವೆಯಾಯಿತು. ಅವನು ಸಾಕಿದ ನಾಯಿ ಒಂಬತ್ತು ವರ್ಷ ಬದುಕಿ ಹೆಸರಿಲ್ಲದೆ ಸತ್ತಿತು. ಎರಡು ಒಳ್ಳೆಯ ಹೆಸರು ಹೊಳೆದಿದ್ದವಂತೆ, ಯಾವುದು ಎಂದು ಇನ್ನೂ ಯೋಚಿಸುತ್ತಿದ್ದನಂತೆ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ. ರೈಲು ಹಳಿ ಬಂದಲ್ಲಿ ನಿಲ್ಲಿಸಿ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಎಡದ ಮೇಲೆ ಮತ್ತೆ ಅನುಮಾನ ಬಂದು ಇನ್ನೊಮ್ಮೆ ನೋಡುತ್ತಿದ್ದ. ಆ ಹಳಿಯ ಮೇಲೆ ರೈಲು ಓಡುವುದು ನಿಂತು ಹದಿನೈದು ವರ್ಷವಾಗಿತ್ತು. ನಮ್ಮ ಟರ್ಕಿಪೆನ್ ಹೊಳೆ ಕಣಿವೆಯ ಮಕ್ಕಳೆಲ್ಲ ಓದಿನಲ್ಲಿ ಹಿಂದೆ ಬಿದ್ದದ್ದು ಯಾಕೆ ಎಂದು ಮೇಷ್ಟ್ರು ತಲೆ ಕೆಡಿಸಿಕೊಂಡರು. ಮೊದಲ ಪಾಠ ಅವರಿಗೆ ಒಂದು ದಿನವೂ ಸಿಕ್ಕಿರಲಿಲ್ಲ, ಅಷ್ಟೇ.

ಇಂಥವನಿಗೆ ಎಪ್ಪತ್ತನೇ ವಯಸ್ಸಿನಲ್ಲಿ ಕೂರಿಗೆ ಆರಿಸುವ ಕೆಲಸ ಬಂತು. ಆರಿಸದೆ ಗತಿ ಇರಲಿಲ್ಲ. ನಮ್ಮ ಅಮ್ಮ ಬಿಟ್ಟುಹೋದ ಎಣ್ಣೆ ಬೀನ್ಸ್ ತಳಿಯೊಂದು ಅಕ್ಕನ ಹತ್ತಿರ ಉಳಿದಿತ್ತು. ಕಾಯಿಯ ಮೇಲೆ ರೋಮವಿಲ್ಲದೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಅದಕ್ಕೆ ಆ ಹೆಸರು. ಬೇರೆ ಯಾರ ಹತ್ತಿರವೂ ಈಗ ಇಲ್ಲ. ಬೀಜಕ್ಕೆಂದು ಕೊಟ್ಟದ್ದನ್ನು ನೆಂಟರು ಬೇಯಿಸಿ ತಿಂದು, ಇನ್ನೊಂದಿಷ್ಟು ಕೊಡು ಎಂದು ಬಂದಿದ್ದರು. ಹಿಂದಿನ ವರ್ಷ ಜಿಂಕೆಗಳು ಬೇಲಿ ಹಾರಿ ಬಂದು ಹೊಲ ಬೋಳಿಸಿದ್ದವು. ಉಳಿದದ್ದು ಒಂದೇ ಒಂದು ಗಾಜಿನ ಬಾಟಲಿ, ಸುಮಾರು ಒಂದು ಸೇರು ಬೀಜ. ಅಕ್ಕನ ಸೊಂಟಕ್ಕೆ ಚಳಿಗಾಲದಲ್ಲಿ ಆಪರೇಷನ್ ಆಗಿತ್ತು, ಬಗ್ಗುವ ಹಾಗಿರಲಿಲ್ಲ. ಭಾವನ ಮಂಡಿಗಳ ವಿಷಯ ಬೇಡ. ಹಾಗಾಗಿ ಅವನ ಪುಟ್ಟ ಕೆಂಪು ಟ್ರ್ಯಾಕ್ಟರೇ ಬಿತ್ತಬೇಕು. ಅದು ೧೯೪೯ರದ್ದು, ನನಗಿಂತ ಐದು ವರ್ಷ ದೊಡ್ಡದು, ನನಗಿಂತ ಬೇಗ ಸ್ಟಾರ್ಟ್ ಆಗುತ್ತದೆ.

ಜನವರಿಯಿಂದ ಹುಡುಕಾಟ ಶುರುವಾಯಿತು. ನನ್ನ ಪಿಕಪ್ ಗಾಡಿ, ನನ್ನ ಪೆಟ್ರೋಲು, ಅವನ ಮೀನಮೇಷ. ಒಂದು ಕಡೆ ಎರಡು ಸಾಲಿನ ಕೂರಿಗೆ ಸಿಕ್ಕಿತು. ಭಾವ ಅದರ ಸುತ್ತ ಮುಕ್ಕಾಲು ಗಂಟೆ ಸುತ್ತಿದ.

"ಭಾವ, ನಿಮ್ಮ ಹೊಲ ಇರೋದೇ ಮುಕ್ಕಾಲು ಎಕರೆ. ಅದೂ ಗುಡ್ಡದ ಮೇಲೆ ಗೋಡೆಗೆ ಒರಗಿಸಿಟ್ಟ ಹಾಗಿದೆ. ಇದನ್ನ ಕಟ್ಟಿದ್ರೆ ಟ್ರ್ಯಾಕ್ಟರು ಕೂರಿಗೇನ ಎಳೆಯಲ್ಲ, ಕೂರಿಗೆ ಟ್ರ್ಯಾಕ್ಟರನ್ನ ಎಳ್ಕೊಂಡು ಹೊಳೆಗೆ ಹೋಗುತ್ತೆ."

"ಯೋಚನೆ ಮಾಡೋದ್ರಲ್ಲಿ ತಪ್ಪೇನೋ ವರ್ಲಿನ್?" ಎಂದ.

ಎರಡನೆಯದು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಕೂರುವಂಥದ್ದು. ಆ ಟ್ರ್ಯಾಕ್ಟರಿನ ಎಂಜಿನ್ ಎಡಕ್ಕೆ ಸರಿದಿದೆ, ಸೀಟು ಬಲಕ್ಕಿದೆ. ಕೂತವನ ಕಣ್ಣ ಮುಂದೆಯೇ ಸಾಲು ಕಾಣಬೇಕು ಎಂದು ಮಾಡಿದವರು ಮಾಡಿದ್ದಾರೆ. ಹೊಟ್ಟೆಯ ಕೆಳಗಿನ ಕೂರಿಗೆಯಾದರೆ ಒಂದೊಂದು ಬೀಜ ಬೀಳುವುದನ್ನೂ ನೋಡುತ್ತಾ ಹೋಗಬಹುದು. ಅದನ್ನೇ ತಗೊಳ್ಳಿ ಎಂದು ನಾನು ಬಡಕೊಂಡೆ. ಭಾವ ಕೆಳಗೆ ಮಲಗಿ ಬೋಲ್ಟು ಎಣಿಸಿದ. ಹನ್ನೊಂದು. "ನೇಗಿಲು ಹಾಕಬೇಕಾದಾಗೆಲ್ಲ ಹನ್ನೊಂದು ಬೋಲ್ಟು ಯಾವನು ಬಿಚ್ಚುತ್ತಾನೆ?" ಎಂದು ಮುಖ ತಿರುಗಿಸಿದ. ನಲವತ್ತನಾಲ್ಕು ವರ್ಷದಲ್ಲಿ ಅವನು ಅಷ್ಟು ಬೇಗ ಬೇಡ ಎಂದದ್ದನ್ನು ನಾನು ಕಂಡಿರಲಿಲ್ಲ, ನನ್ನ ಸಲಹೆ ಎಂಬುದೂ ಕಾರಣವಿದ್ದೀತು.

ಮೇ ತಿಂಗಳು ಹತ್ತಿರ ಬಂದಾಗ ಹೋಬರ್ಟ್ ನೇಪಿಯರ್ ಎಂಬ ಮುದುಕನ ಕೊಟ್ಟಿಗೆಯಲ್ಲಿ ಮೂರನೆಯದು ಕಂಡಿತು. ಒಂಟಿ ಸಾಲಿನದು, ಟ್ರ್ಯಾಕ್ಟರಿನ ಹಿಂದೆ ಕಟ್ಟುವಂಥದ್ದು. ಅದರ ಚಕ್ರ ಉರುಳಿದ ಹಾಗೆ ಸರಪಳಿ ತಿರುಗಿ, ಡಬ್ಬಿಯ ತಳದ ತೂತು ತಟ್ಟೆ ತಿರುಗಿ, ಒಂದೊಂದು ತೂತಿನಿಂದ ಒಂದೊಂದು ಬೀಜ ಬೀಳುತ್ತದೆ. ಎರಡು ಪಿನ್ನು ಎಳೆದರೆ ಕಳಚಿಕೊಳ್ಳುತ್ತದೆ. ಭಾವನಿಗೆ ಮನಸ್ಸು ಕೂತಿತು. ಹೋಬರ್ಟ್ ತಂತಿಗೆ ಪೋಣಿಸಿದ್ದ ಮೂವತ್ತು ತಟ್ಟೆಗಳನ್ನು ತಂದು ಮುಂದೆ ಸುರಿದ. ಒಂದೊಂದರ ತೂತು ಒಂದೊಂದು ಅಳತೆ.

"ನಿಮ್ಮ ಬೀಜ ತಂದಿದ್ದೀರಾ?" ಎಂದು ಕೇಳಿದ. "ಬೀಜ ನೋಡದೆ ತಟ್ಟೆ ಆರಿಸಬಾರದು."

ನಾಲ್ಕು ತಿಂಗಳು ಅಳೆದು ಸುರಿದು ಸುಸ್ತಾಗಿದ್ದ ಭಾವ ಆ ಮೂವತ್ತನ್ನು ನೋಡಿದ. ಮೇಲಿದ್ದ ಒಂದನ್ನು ಎತ್ತಿಕೊಂಡ. "ಬೀನ್ಸ್ ಅಂದ್ರೆ ಬೀನ್ಸ್" ಎಂದ. ಅರ್ಧ ನಿಮಿಷವೂ ಆಗಲಿಲ್ಲ.

ಮನೆಗೆ ಬಂದವನೇ ಭಾವ, ಪರೀಕ್ಷೆ ಮಾಡೋಣ, ಒಂದು ಹಿಡಿ ಬೀಜ ಕೊಡು ಎಂದು ಅಕ್ಕನನ್ನು ಕೇಳಿದ. ಅಕ್ಕ ಬಾಟಲಿಯನ್ನು ಎದೆಗವಚಿಕೊಂಡಳು.

"ಒಂದು ಕಾಳೂ ಕೊಡಲ್ಲ. ಅಮ್ಮನ ಬೀಜ ನಿನ್ನ ಆಟಕ್ಕಲ್ಲ. ಸಾರಿಗೆ ತಂದ ಪಿಂಟೊ ಬೀನ್ಸ್ ಕಾಳಿದೆ, ಅದನ್ನ ಹಾಕ್ಕೋ."

ಅಂಗಳದಲ್ಲಿ ಅಕ್ಕನ ಮಂಚದ ಹಾಸು ಹರಡಿ, ಅಂಗಡಿಯ ಪಿಂಟೊ ತುಂಬಿ ಓಡಿಸಿದ. ಗೇಣಿಗೊಂದು ಕಾಳು ಬಿತ್ತು, ದಾರ ಹಿಡಿದು ಇಟ್ಟ ಹಾಗೆ. ಭಾವ ಹೆಮ್ಮೆಯಿಂದ ಬೀಗಿದ. ಹಾಸಿನ ಮೇಲೆ ಮೂಡಿದ ಟೈರಿನ ಗುರುತು ಇವತ್ತಿಗೂ ಹೋಗಿಲ್ಲ. ಅಮ್ಮನ ಬೀಜ ಪಿಂಟೊದ ಅರ್ಧದಷ್ಟಿದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಮೂವರಲ್ಲಿ ಒಬ್ಬರಿಗೂ ಅದು ಬಾಯಿಗೆ ಬರಲಿಲ್ಲ, ನಾನೂ ದೊಡ್ಡ ಜಾಣನೇನಲ್ಲ.

ಬಿತ್ತುವ ದಿನವನ್ನು ಆರಿಸುವ ತಾಪತ್ರಯ ಇರಲಿಲ್ಲ, ಪುಣ್ಯ. ಅದನ್ನು ಕ್ಯಾಲೆಂಡರ್ ಹೇಳುತ್ತದೆ. ಚಂದ್ರ ಮಿಥುನಕ್ಕೆ ಬಂದಾಗ, ಇಲ್ಲಿಯ ಮಾತಿನಲ್ಲಿ 'ತೋಳಿಗೆ' ಬಂದಾಗ, ಬೀನ್ಸ್ ಹಾಕಬೇಕು. 'ಹೂವಿಗೆ', ಅಂದರೆ ಕನ್ಯಾ ರಾಶಿಗೆ, ಬಂದಾಗ ಹಾಕಿದರೆ ಬರೀ ಹೂ ಬಿಟ್ಟು ಹಲ್ಲು ಕಿರಿಯುತ್ತದೆ. ಈ ಕ್ಯಾಲೆಂಡರನ್ನು ಮನೆಮನೆಗೂ ಹಂಚುವವರು ಹೆಣ ಹೂಳುವ ವ್ಯಾಪಾರದವರು. ಯಾವಾಗ ಬಿತ್ತಬೇಕೆಂದು ಹೇಳುವವರೂ ಅವರೇ, ಕೊನೆಗೆ ನಮ್ಮನ್ನು ಬಿತ್ತುವವರೂ ಅವರೇ. ಆ ಮೇ ತಿಂಗಳಲ್ಲಿ ತೋಳು ಎರಡೇ ದಿನ ಇತ್ತು. ಮೊದಲ ದಿನ ಮಳೆ. ಎರಡನೆಯ ದಿನ ಬೆಳಿಗ್ಗೆ ಅಕ್ಕ ತಾನೇ ಬಾಟಲಿಯನ್ನು ಕೂರಿಗೆಯ ಡಬ್ಬಿಗೆ ಬೋರಲು ಹಾಕಿದಳು.

ಭಾವ ಮುಂದೆ ನೋಡುತ್ತಾ ಹೊರಟ. ಸಾಲು ನೆಟ್ಟಗೆ ಬಂತು. ಹಿಂದೆ ಏನಾಗುತ್ತಿದೆ ಎಂದು ಅವನಿಗೆ ಕಾಣುವ ಹಾಗಿರಲಿಲ್ಲ. ಎರಡು ಸಾಲು ಮುಗಿದು ಮೂರನೆಯದಕ್ಕೆ ತಿರುಗುವಾಗ ಬೇಲಿಯ ಹತ್ತಿರ ನಿಂತಿದ್ದ ಅಕ್ಕ ಮೂಗು ಅರಳಿಸಿದಳು. ಹಸಿ ಕಾಳಿನ ವಾಸನೆ. ಕೂರಿಗೆಯ ಕೆಳಗೆ ಬಿಳೀ ಹಿಟ್ಟು ಉದುರುತ್ತಿತ್ತು.

"ಡೆಲ್ಬರ್ಟ್! ನಿಲ್ಸು! ಬಿತ್ತುತಾ ಇದ್ದೀಯೋ ಬೀಸ್ತಾ ಇದ್ದೀಯೋ?"

ಒಂದು ತೂತಿಗೆ ಎರಡೆರಡು ಕಾಳು ಒಂದರ ಮೇಲೊಂದು ಕೂತು, ಮೇಲಿನದ್ದನ್ನು ಕಬ್ಬಿಣ ಅರೆದು ಹಾಕಿತ್ತು, ಕೆಳಗಿನದ್ದನ್ನು ಸೀಳಿತ್ತು. ಮುಚ್ಚಳ ತೆಗೆದಾಗ ಸೇರಿನಲ್ಲಿ ಅರ್ಧವೂ ಉಳಿದಿರಲಿಲ್ಲ. ಅಕ್ಕ ಬೈಯಲಿಲ್ಲ. ಅವಳು ಬೈದಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಹಿಟ್ಟನ್ನು ಬೆರಳಲ್ಲಿ ಮುಟ್ಟಿ, "ಅಮ್ಮ" ಎಂದಳು, ಅಷ್ಟೇ.

ಭಾವ ಆ ಮಂಡಿಗಳನ್ನೂರಿ ಕೂತು ಮಣ್ಣು ಕೆದಕತೊಡಗಿದ. ಇಡಿಯಾಗಿ ಉಳಿದ ಒಂದೊಂದು ಕಾಳನ್ನು ಹೆಕ್ಕಿ ಅಂಗಿಯ ಜೇಬಿಗೆ ಹಾಕಿದ.

"ಏಳೋ ಮಾರಾಯ," ಎಂದಳು ಅಕ್ಕ. "ಅವು ಸರಿಯಾಗೇ ಮಣ್ಣಲ್ಲಿ ಬಿದ್ದಿದ್ವು. ಅದನ್ನೂ ಕಿತ್ತು ಮತ್ತೆ ಬಿತ್ತುತೀಯಾ?"

ಸೂರ್ಯ ಮುಳುಗಿದರೆ ತೋಳು ಮುಗಿಯಿತು. ಅಕ್ಕ ಸ್ನಾನದ ಮನೆ ರಿಪೇರಿಯಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಪೈಪಿನ ತುಂಡು ತರಿಸಿದಳು. ಕೂರಿಗೆ ಕಳಚಿ, ಸಾಲು ತೆಗೆಯುವ ಒಂಟಿ ನೇಗಿಲು ಸಿಕ್ಕಿಸಿದೆವು. ಭಾವ ಮೆಲ್ಲಗೆ ಓಡಿಸಿದ. ಅಕ್ಕ ಹಿಂದೆ ನೆಟ್ಟಗೆ ನಡೆಯುತ್ತಾ ಪೈಪಿನೊಳಕ್ಕೆ ಒಂದೊಂದೇ ಕಾಳು ಬಿಟ್ಟಳು. ನಾನು ಕಾಲಲ್ಲಿ ಮಣ್ಣು ಎಳೆದೆ. ನಾಲ್ಕು ತಿಂಗಳು ಮೂರು ಜಿಲ್ಲೆ ಸುತ್ತಿ ಆರಿಸಿದ ಸಲಕರಣೆ ಕೊನೆಗೆ ಇದು.

ಆಮೇಲೆ ಭಾವ ಮೇವಿನ ಅಂಗಡಿಯಲ್ಲಿ ಕೂತು ಕಥೆ ಹೇಳತೊಡಗಿದ. ಒಂದು ದಿನ ಹೋಬರ್ಟ್ ಮೋಸ ಮಾಡಿದ, ಇನ್ನೊಂದು ದಿನ ಕ್ಯಾಲೆಂಡರಿನ ಲೆಕ್ಕ ತಪ್ಪಿತ್ತು, ಮತ್ತೊಂದು ದಿನ ಜಿಂಕೆಗಳನ್ನು ಮತ್ತೆ ಕರೆತಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎಲ್ಲವೂ ಅಕ್ಕನ ಕಿವಿಗೂ ಬಿದ್ದವು. ಬಳ್ಳಿಗಳು ಬಂದವು, ಕಾಯಿ ಬಿಟ್ಟವು, ಹೊಳೆದವು. ಒಂದು ಕಾಯನ್ನೂ ಅವಳು ಕೀಳಗೊಡಲಿಲ್ಲ. ಎಲ್ಲವೂ ಬಳ್ಳಿಯಲ್ಲೇ ಒಣಗಿ ಬೀಜವಾಗಬೇಕು.

ಆಗಸ್ಟಿನಲ್ಲಿ ಚರ್ಚಿನ ದೊಡ್ಡ ಊಟ. ಒಹಾಯೊ, ಡೆಟ್ರಾಯಿಟ್ ಕಡೆ ದುಡಿಯಲು ಹೋದವರೂ ಬರುತ್ತಾರೆ, ಅರ್ಧ ಜನ ದೇವರಿಗಾಗಿ, ಅರ್ಧ ಜನ ನಮ್ಮಕ್ಕನ ಬೀನ್ಸಿಗಾಗಿ. ಅಕ್ಕ ಪ್ರತಿ ವರ್ಷದ ಅದೇ ದೊಡ್ಡ ಪಾತ್ರೆ ತಂದು ಮರದ ಕೆಳಗಿನ ಮೇಜಿನ ಮೇಲಿಟ್ಟಳು. ಒಳಗಿದ್ದದ್ದು ಅಂಗಡಿಯ ಡಬ್ಬಿ ಬೀನ್ಸ್. ಜನ ಬಡಿಸಿಕೊಂಡರು, ಅಗಿದರು, ತಟ್ಟೆ ನೋಡಿಕೊಂಡು ಸುಮ್ಮನಾದರು. ಪಾದ್ರಿಯ ಹೆಂಡತಿ ಲೂಡಿಗೆ ಮಾತ್ರ ಸುಮ್ಮನಿರುವ ವಿದ್ಯೆ ದೇವರು ಕೊಟ್ಟಿಲ್ಲ.

"ಅಯ್ಯೋ ಐಮೋಜೀನ್, ಈ ಸಲ ಬೀನ್ಸಿಗೆ ಏನು ಮಾಡಿಬಿಟ್ಟೆಯೇ?"

ಅಕ್ಕ ಬಾಯಿ ತೆರೆಯುವುದಕ್ಕೆ ಮೊದಲೇ, ಒಂದು ಕ್ಷಣವೂ ಯೋಚಿಸದೆ, ಭಾವ ಎದ್ದು ನಿಂತ.

"ಅವಳೇನೂ ಮಾಡಿಲ್ಲ ಲೂಡಿ. ಅವರಮ್ಮನ ಬೀಜ ಹಾಳು ಮಾಡಿದ್ದು ನಾನು. ಹೋಬರ್ಟ್ ಬೀಜ ತೋರಿಸು ಅಂದಿದ್ದ, ನಾನು ಕೇಳಲಿಲ್ಲ. ಮುಂದಿನ ವರ್ಷ ಆಗುತ್ತೆ. ಈಗ ಇರೋದನ್ನ ತಿನ್ನು."

ಭಾವ ಕೂತು ತಲೆ ತಗ್ಗಿಸಿ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು ಮುಗಿಸಿದ. ಅಕ್ಕ ಸೊಂಟ ಹಿಡಿದುಕೊಂಡು ಎದ್ದು, ಪಾತ್ರೆಯಿಂದ ಇನ್ನೊಂದು ದೊಡ್ಡ ಸೌಟು ಡಬ್ಬಿ ಬೀನ್ಸ್ ಅವನ ತಟ್ಟೆಗೆ ಬಡಿಸಿದಳು.