ಅರೆಮಂಡಿಯ ಅಳತೆ

ಮೈಲಾಪೂರಿನ ಒಂದು ಸಂದಿಯಲ್ಲಿ ಶಿವಗಂಗಮ್ಮ ನೃತ್ಯದ ಉಡುಪು ಹೊಲಿಯಲು ಕೂತು ಮೂವತ್ತೊಂದು ವರ್ಷವಾಯಿತು. ಗಂಡನ ಹಿಂದೆ ರಾಣೆಬೆನ್ನೂರಿನಿಂದ ಬಂದ ಹೆಂಗಸು; ಒಂದು ಹೆಜ್ಜೆ ಹಾಕಲೂ ಬಾರದು. ಆದರೆ ಯಾವ ನೃತ್ಯಕ್ಕೆ ಮೈ ಎಲ್ಲಿ ಬಾಗುತ್ತದೆ ಎಂದು ಕೇಳಿ ನೋಡಿ, ಕತ್ತರಿ ಕೆಳಗಿಡದೆ ಹೇಳುತ್ತಾಳೆ. ಕಥಕ್‌ನವರು ಗಿರಗಿರ ತಿರುಗುವವರು, ಅವರ ಲಂಗಕ್ಕೆ ಅಗಲವಾದ ಘೇರು ಬೇಕು. ಒಡಿಸ್ಸಿಯವರ ಸೊಂಟ ಒಂದು ಕಡೆ, ಎದೆ ಇನ್ನೊಂದು ಕಡೆ. ಸೊಂಟದ ಪಟ್ಟಿ ಬಿಗಿಯಾದರೆ ಉಸಿರೇ ಆಡದು. ಭರತನಾಟ್ಯದ್ದೇ ದೊಡ್ಡ ರಗಳೆ. ಮಂಡಿ ಅಗಲಿಸಿ ಅರ್ಧ ಕೂತಾಗ ಕಾಲುಗಳ ನಡುವಿನ ನೆರಿಗೆ ಬೀಸಣಿಗೆಯ ಹಾಗೆ ಪೂರ್ತಿ ಬಿಚ್ಚಬೇಕು. ಹಾಗಾಗಿ ಅಳತೆಯನ್ನು ಆ ಅರೆಮಂಡಿ ಭಂಗಿಯಲ್ಲೇ ತೆಗೆಯಬೇಕು.

ಈ ಪಾಠ ಕಲಿಸಿದವರು ಭರತನಾಟ್ಯದ ಸೀತಾ ಟೀಚರ್. ನಿಂತ ಅಳತೆಗೆ ಹೊಲಿದ ಮೊದಲ ಉಡುಪನ್ನು ಮುಖಕ್ಕೆ ಎಸೆದು, ಇದೇ ಅಂಗಡಿಯಲ್ಲಿ ಅರೆಮಂಡಿ ಕೂತು, ಮತ್ತೆ ಅಳೆಯಲು ಹೇಳಿದ್ದರು. ಪುಣ್ಯಾತ್ಗಿತ್ತಿ ಕಾಲು ಗಂಟೆ ಅಲುಗಲಿಲ್ಲ.

ಈಗ ಟೀಚರಿಗೆ ಅರವತ್ತಮೂರು. ಡಿಸೆಂಬರಿನಲ್ಲಿ ಕೊನೆಯ ಕಾರ್ಯಕ್ರಮ. ಹೋದ ವಾರ ಬಂದವರು ಬಾಗಿಲಲ್ಲೇ ನಿಂತು, ಹಳೇ ಪುಸ್ತಕದ ಅಳತೆಯನ್ನೇ ಹಾಕು ಎಂದರು. ಹೋಗುವಾಗ ಎರಡೇ ಮೆಟ್ಟಿಲು ಇಳಿಯಲು ಗೋಡೆ ಹಿಡಿದರು. ಮಷೀನು ತುಳಿದು ತುಳಿದು ಶಿವಗಂಗಮ್ಮನ ಮಂಡಿಯೂ ಸವೆದಿದೆ. ಆ ಇಳಿಯುವಿಕೆ ಅವಳಿಗೆ ಗೊತ್ತು.

ಹಳೇ ಅಳತೆಗೆ ಹೊಲಿದರೆ ನೆರಿಗೆ ಅರ್ಧ ಮುಚ್ಚಿಕೊಂಡೇ ನೇತಾಡುತ್ತದೆ. ಟೀಚರ್ ಕೂರಲಾರರು ಎಂಬುದು ಸಭೆಗೆಲ್ಲ ಕಾಣುತ್ತದೆ. ನೆರಿಗೆ ಕಡಿಮೆ ಮಾಡಿದರೆ ಚೂರು ಬಗ್ಗಿದರೂ ಪೂರ್ತಿ ಬಿಚ್ಚೀತು. ಆದರೆ ಟೀಚರ್ ಹಟಕ್ಕೆ ಬಿದ್ದು ಆಳಕ್ಕೆ ಕೂತರೆ, ವೇದಿಕೆಯ ಮೇಲೇ ಪರ್ರೆಂದು ಹರಿಯುತ್ತದೆ. ಅವರು ಹೇಳಿದ ಹಾಗೆ ಹೊಲಿದು ಕೈ ತೊಳೆದುಕೋ, ನಿನಗೇಕೆ ಊರ ಉಸಾಬರಿ ಎಂದು ಮಗಳು ಸಂಗೀತಾ ತಮಿಳಿನಲ್ಲಿ ಬೈದಳು. ಶಿವಗಂಗಮ್ಮ ಮಡಿಸಿಟ್ಟಿದ್ದ ನೆರಿಗೆಗಳಲ್ಲಿ ಒಂಬತ್ತನ್ನು ತೆಗೆದುಹಾಕಿದಳು.

ಇವತ್ತು ಟೀಚರ್ ಉಟ್ಟು ನೋಡಲು ಬಂದರು. ಕನ್ನಡಿಯ ಮುಂದೆ ಮೇಜು ಹಿಡಿದು, ಮಂಡಿಯನ್ನು ನಾಲ್ಕು ಬೆರಳಿನಷ್ಟು ಮಡಿಸಿದರು. ರೇಷ್ಮೆಯ ನೆರಿಗೆ ಅಂಚಿನವರೆಗೂ ಬಿಚ್ಚಿಕೊಂಡಿತು. ಅವರು ಬಗ್ಗಿ ನೆರಿಗೆಗಳನ್ನು ಒಂದೊಂದಾಗಿ ಮುಟ್ಟಿದರು. ಶಿವಗಂಗಮ್ಮ ಇನ್ನೇನು ಮುಖಕ್ಕೆ ಎಸೆಯುತ್ತಾರೆ ಎಂದೇ ಕಾದಳು.

"ಇನ್ನೂ ಕೆಳಗೆ ಕೂತ್ರೆ ಹರಿಯತ್ತೆ, ಅಲ್ವೇನೇ ಗಂಗಾ?"

"ಹರೀತದ್ರಿ, ಟೀಚರ್."

ಟೀಚರ್ ಮೇಜಿನ ಮೇಲಿದ್ದ ಟೇಪನ್ನು ತೆಗೆದು ಅವಳ ಕೈಗೆ ಕೊಟ್ಟರು.

"ಇನ್ನು ನನ್ನ ಕೈಲಿ ಅಷ್ಟು ಕೆಳಗೆ ಕೂರಕ್ಕಾಗಲ್ಲ ಕಣೇ. ಹಳೇ ಅಳತೆ ಹೊಡೆದುಹಾಕು. ಈಗ ಕೂತಿರೋ ಅಳತೆ ತಗೊಂಡು ಬರ್ಕೊ."